ಕಿರೀಟ ಎಲ್ಲಿ ಎಂದು ಕೇಳಬೇಡಿ: ಮುಗಿಯದ ಅನಿಮೇಷನ್ ನೋಡಿ ಅಭಿಪ್ರಾಯ ಹೇಳುವ ಕ್ರಮ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳೂ ಬಂದು ಟೆಂಟು ಹಾಕುತ್ತವೆ. ಹುಡುಗನಾಗಿದ್ದಾಗ ಮಧ್ಯಾಹ್ನದ ಹೊತ್ತು ಟೆಂಟಿನ ಹಿಂಬದಿಯಿಂದ ನುಸುಳಿ ತಾಲೀಮು ನೋಡುವುದು ನನಗೊಂದು ಚಟವಾಗಿತ್ತು. ಲುಂಗಿ ಬನಿಯನ್ನಿನಲ್ಲಿ ದುರ್ಯೋಧನ. ಕೈಯಲ್ಲಿ ಗದೆಯ ಬದಲು ಮಡಚಿದ ಕೊಡೆ. ಹಾರ್ಮೋನಿಯಂ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, "ಪದ ಮುಗಿಯುವ ಮೊದಲೇ ಕಾಲು ಎತ್ತಿದೆಯಲ್ಲಪ್ಪ, ಮತ್ತೆ ಬಾ" ಎನ್ನುತ್ತಿದ್ದರು. ಕಿರೀಟ ಎಲ್ಲಿ, ಮೀಸೆ ಎಲ್ಲಿ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದು ತಾಲೀಮು ಎಂಬುದು ನೆರೆದವರಿಗೆಲ್ಲ ಗೊತ್ತಿತ್ತು.

ಕಂಪ್ಯೂಟರ್ ಅನಿಮೇಷನ್ ವಿಷಯದಲ್ಲಿ ಮಾತ್ರ ಈ ವಿವೇಕ ನಮಗೆ ಇನ್ನೂ ಬಂದಿಲ್ಲ. ಹುಡುಗರು ಅರ್ಧ ಮಾಡಿದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ಹೇಗಿದೆ ಹೇಳಿ" ಎನ್ನುತ್ತಾರೆ. ನೋಡಿದವರಲ್ಲಿ ಕೆಲವರು ಹೆಬ್ಬೆರಳು ಎತ್ತುತ್ತಾರೆ, ಉಳಿದವರು "ಬಣ್ಣ ಯಾಕಿಲ್ಲ?" ಎಂದು ಕೇಳುತ್ತಾರೆ. ಎರಡರಿಂದಲೂ ಮಾಡುವವರಿಗೆ ಕಾಸಿನ ಪ್ರಯೋಜನವಿಲ್ಲ. ಶಾಸ್ತ್ರೀಯ ಸಂಗೀತಕ್ಕೆ ಹೊಂದಿಸಿದ ಚಿತ್ರವಾದರಂತೂ ನೋಡುವವರಿಗೆ ಎರಡು ವಿದ್ಯೆಗಳ ಪರಿಚಯ ಸ್ವಲ್ಪವಾದರೂ ಬೇಕು. ನಾನು ಹೊಟ್ಟೆಪಾಡಿಗೆ ಮದುವೆ ವಿಡಿಯೊ ಎಡಿಟ್ ಮಾಡುವವನು. ಚಿಕ್ಕಂದಿನಲ್ಲಿ ಏಳು ವರ್ಷ ಮೃದಂಗ ಕಲಿತವನು. ಹಾಗಾಗಿ ಇಂಥ ಚಿತ್ರಗಳು ನನ್ನ ಮೇಜಿಗೆ ಬರುತ್ತವೆ. ನೋಡಿ ನೋಡಿ, ತಪ್ಪು ಹೇಳಿ ಹೇಳಿ, ಒಂದು ಕ್ರಮ ಕೂಡಿಬಂದಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದೇ ಚಿತ್ರ ಸಾಕು. ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಮಗಳು ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಮಾಡುತ್ತಿರುವುದು. ಏಳುಸುತ್ತಿನ ಕೋಟೆಯ ಬಂಡೆಯ ಮೇಲೆ ಒಂದು ಮಳೆಹನಿ ಬೀಳುತ್ತದೆ. ಹರಿದು ಗೋಪಾಲಸ್ವಾಮಿ ಹೊಂಡ ಸೇರುತ್ತದೆ, ಅದು ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಹಳಬರು ಕಟ್ಟಿಕೊಂಡಿದ್ದ ನೀರಿನ ದಾರಿಯೇ ಕಥೆ. ಮಾತು ಒಂದೂ ಇಲ್ಲ. ಸಂಗೀತ ಅಮೃತವರ್ಷಿಣಿ ರಾಗದ ಪಿಟೀಲು, ಆದಿತಾಳ, ಮೃದಂಗದ ಜೊತೆ. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದಲ್ಲಿ ಹಾಡಿ ಮಳೆ ತರಿಸಿದರೆಂಬ ಪ್ರತೀತಿ ಈ ರಾಗದ್ದು. ಚಿತ್ರದುರ್ಗದವರು ಬೇರೆ ಯಾವ ರಾಗವನ್ನು ತಾನೇ ಆರಿಸಿಯಾರು? ಒಟ್ಟು ಅವಧಿ 3 ನಿಮಿಷ 20 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್‌ನಂತೆ 4,800 ಫ್ರೇಮ್, ಅಂದರೆ ಅಷ್ಟು ಬಿಡಿ ಚಿತ್ರ.

ನೋಡುವ ಮೊದಲು ಕೇಳಬೇಕಾದ್ದು

"ಮಾವ, ಕಳಿಸಿದ್ದೇನೆ, ನೋಡಿ ಹೇಳಿ" ಎಂದಳು. "ಏನು ನೋಡಬೇಕು?" ಎಂದೆ. "ಎಲ್ಲಾ" ಎಂದಳು. ಈ ಉತ್ತರವನ್ನು ಯಾವತ್ತೂ ಒಪ್ಪಿಕೊಳ್ಳಬೇಡಿ. ಫೈಲ್ ತೆರೆಯುವ ಮೊದಲು ಮೂರು ವಿಷಯ ಅವರ ಬಾಯಿಂದಲೇ ಹೊರಡಿಸಿ: ಕೆಲಸ ಯಾವ ಹಂತದಲ್ಲಿದೆ, ಯಾವುದನ್ನು ಬದಲಾಯಿಸಲು ಇನ್ನೂ ಮನಸ್ಸಿದೆ, ಯಾವಾಗ ಮುಗಿಸಬೇಕು.

ಹಂತ ತಿಳಿಯದೆ ಬಾಯಿ ತೆರೆದರೆ ದುರ್ಯೋಧನನ ಕಿರೀಟ ಕೇಳಿದ ಹಾಗಾಗುತ್ತದೆ. ಮೊದಲು ಬರುವುದು ಅನಿಮ್ಯಾಟಿಕ್: ಪೆನ್ಸಿಲ್ ಚಿತ್ರಗಳನ್ನು ಸಂಗೀತದ ಮೇಲೆ ಸಾಲಾಗಿ ಜೋಡಿಸಿದ್ದು. ಆಮೇಲೆ ಬ್ಲಾಕಿಂಗ್: ಮುಖ್ಯ ಭಂಗಿಗಳು ಮಾತ್ರ ಇರುತ್ತವೆ, ಪಾತ್ರ ಒಂದು ಭಂಗಿಯಿಂದ ಇನ್ನೊಂದಕ್ಕೆ ಕಪ್ಪೆಯ ಹಾಗೆ ನೆಗೆಯುತ್ತದೆ. ಮುಂದಿನ ಹಂತದಲ್ಲಿ ಭಂಗಿಗಳ ನಡುವಿನ ಚಲನೆ ತುಂಬಿ ನಯವಾಗುತ್ತದೆ. ಕೊನೆಯಲ್ಲಿ ಬೆಳಕು, ಮೈಬಣ್ಣ, ನೀರಿನ ಸಿಮ್ಯುಲೇಶನ್ (ನೀರಿನ ಚಲನೆಯನ್ನು ಕಂಪ್ಯೂಟರೇ ಲೆಕ್ಕಹಾಕಿ ಮೂಡಿಸುವುದು), ರೆಂಡರ್ (ಒಂದೊಂದು ಫ್ರೇಮನ್ನೂ ಅಂತಿಮ ಚಿತ್ರವಾಗಿ ಬರೆಸುವುದು). ಬ್ಲಾಕಿಂಗ್ ನೋಡಿ "ಜರ್ಕ್ ಹೊಡೆಯುತ್ತಿದೆ" ಎನ್ನುವವರನ್ನು ನಾನು ಬಹಳ ಜನ ಕಂಡಿದ್ದೇನೆ. ಅದು ಜರ್ಕ್ ಹೊಡೆಯಲೇಬೇಕು, ಅದಿರುವುದೇ ಹಾಗೆ.

ಯಾವ ಹಂತದಲ್ಲಿ ಯಾವ ಮಾತು ಎಂಬುದಕ್ಕೆ ಕಾರಣ ಸೌಜನ್ಯವಲ್ಲ, ಲೆಕ್ಕ. ಒಂದು ಫ್ರೇಮ್ ರೆಂಡರ್ ಆಗಲು ಎರಡು ನಿಮಿಷ ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಫ್ರೇಮ್, 480 ನಿಮಿಷ, ಅಂದರೆ ಎಂಟು ಗಂಟೆ. "ಕ್ಯಾಮೆರಾ ಆ ಕಡೆಯಿಂದ ಇದ್ದಿದ್ದರೆ ಚೆಂದ" ಎಂಬ ಮಾತು ಅನಿಮ್ಯಾಟಿಕ್ ಹಂತದಲ್ಲಿ ಬಂದರೆ ಒಂದು ಪೆನ್ಸಿಲ್ ಚಿತ್ರ ಬದಲಾಗುತ್ತದೆ. ರೆಂಡರ್ ಆದ ಮೇಲೆ ಬಂದರೆ ಒಂದು ರಾತ್ರಿಯ ಕರೆಂಟು ಹೋಗುತ್ತದೆ. ನಡುರಾತ್ರಿ ಕರೆಂಟು ನಿಜವಾಗಿಯೇ ಹೋಗುವುದುಂಟು. ಅದಕ್ಕೇ ನೇರವಾಗಿ ವಿಡಿಯೊ ಮಾಡದೆ ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸಲು ಹೇಳಿ, ನಿಂತಲ್ಲಿಂದ ಮುಂದುವರಿಸಬಹುದು.

ಮೊದಲ ಹಂತದಲ್ಲೇ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಇದನ್ನು ಬಹಳ ಜನ ಕೊನೆಗೆ ಕೇಳಿ ಅಳಿಸುತ್ತಾರೆ: ಈ ಧ್ವನಿಮುದ್ರಣ ಯಾರದು? ದಾಸರ ಪದಕ್ಕೋ ದೀಕ್ಷಿತರ ಕೃತಿಗೋ ಇಂದು ಹಕ್ಕಿನ ತೊಡಕಿಲ್ಲ. ಆದರೆ ಅದನ್ನು ಹಾಡಿದ ರೆಕಾರ್ಡಿಗೆ ಬೇರೆಯೇ ಹಕ್ಕು ಇದೆ. ನಮ್ಮ ಕಾಯ್ದೆಯಂತೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ದೊಡ್ಡ ವಿದ್ವಾಂಸರ ರೆಕಾರ್ಡಿಗೆ ಒಂದು ವರ್ಷ ಕೂತು ಚಿತ್ರ ಮಾಡಿ, ಕೊನೆಗೆ ಎಲ್ಲಿಯೂ ತೋರಿಸಲಾಗದೆ ಕುಳಿತ ಒಬ್ಬ ಹುಡುಗ ನನಗೆ ಗೊತ್ತು. ನಮ್ಮ ಹುಡುಗಿ ಜಾಣೆ. ತನ್ನ ಪಿಟೀಲು ಮೇಷ್ಟ್ರನ್ನೇ ನುಡಿಸಲು ಕೇಳಿಕೊಂಡು, ಅವರ ಮನೆಯ ನಡುಮನೆಯಲ್ಲೇ ಮುದ್ರಿಸಿಕೊಂಡಳು. ಹಿನ್ನೆಲೆಯಲ್ಲಿ ಒಂದು ಕಡೆ ಕುಕ್ಕರ್ ಕೂಗುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳೋಣ.

ಕಿವಿಗೆ ತಂತಿ ಇರಲಿ

ಇಲ್ಲಿ ನನ್ನ ಪಾಪವೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನ ಚಿತ್ರ ನೋಡಿ, "ಎಲ್ಲಾ ಕಡೆ ಚಿತ್ರ ಮುಂದೆ ಹೋಗಿದೆ, ತಾಳ ಹಿಂದೆ ಬರುತ್ತಿದೆ, ನಾಲ್ಕು ಫ್ರೇಮ್ ಹಿಂದಕ್ಕೆ ತಳ್ಳು" ಎಂದು ಅಧಿಕಾರವಾಣಿಯಿಂದ ಹೇಳಿದೆ. ಅವನು ಎರಡು ರಾತ್ರಿ ಕೂತು ಎಲ್ಲವನ್ನೂ ತಳ್ಳಿದ. ತಪ್ಪು ಅವನದಾಗಿರಲಿಲ್ಲ, ನನ್ನ ಬ್ಲೂಟೂತ್ ಹೆಡ್‌ಫೋನಿನದು. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೂ ತಡವಾಗಿ ಬರಬಹುದು. 24 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡು. ಅಲ್ಲಿಗೆ ಎರಡರಿಂದ ಐದು ಫ್ರೇಮ್ ಬರೀ ಗಾಳಿಯಲ್ಲಿ ಹೋದವು. ಆ ಹುಡುಗನಿಗೆ ಮಿರ್ಚಿ ಮಂಡಕ್ಕಿ ಕೊಡಿಸಿ ಕ್ಷಮೆ ಕೇಳಿದೆ. ಅಂದಿನಿಂದ ನನ್ನ ಮೇಜಿನ ಮೇಲೆ ಹಳೆಯ ತಂತಿಯ ಇಯರ್‌ಫೋನ್ ಒಂದು ಇದ್ದೇ ಇರುತ್ತದೆ.

ಫೈಲ್ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲವೇ ಡ್ರೈವ್‌ಗೆ ಹಾಕಲಿ. ಚಿತ್ರದ ಮೂಲೆಯಲ್ಲಿ ಫ್ರೇಮ್ ಸಂಖ್ಯೆ ಕಾಣಲೇಬೇಕು. ಬ್ಲೆಂಡರ್‌ನ ಔಟ್‌ಪುಟ್ ವಿಭಾಗದಲ್ಲಿ ಮೆಟಾಡೇಟಾ ಕೆಳಗೆ ಬರ್ನ್ ಇನ್‌ಟು ಇಮೇಜ್ ಎಂಬುದನ್ನು ಆರಿಸಿದರೆ ಬರುತ್ತದೆ. ಸಂಖ್ಯೆ ಇಲ್ಲದ ಚಿತ್ರಕ್ಕೆ ಅಭಿಪ್ರಾಯ ಹೇಳುವುದೆಂದರೆ ಬಾಗಿಲ ಸಂಖ್ಯೆ ಇಲ್ಲದ ಬೀದಿಯಲ್ಲಿ ಅಂಚೆ ಹಂಚಿದ ಹಾಗೆ. ನೋಡಲು ವಿಎಲ್‌ಸಿ ಪ್ಲೇಯರ್ ಸಾಕು; ಇ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಮಾಡುವವರ ಕಂಪ್ಯೂಟರಿನಲ್ಲೇ ಕುಳಿತು ನೋಡುವುದಾದರೆ ಬ್ಲೆಂಡರ್‌ನ ಪ್ಲೇಬ್ಯಾಕ್ ಮೆನುವಿನಲ್ಲಿ ಸಿಂಕ್ ಟು ಆಡಿಯೊ ಆಯ್ಕೆ ಆಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಭಾರವಾದ ದೃಶ್ಯಗಳಲ್ಲಿ ಚಿತ್ರ ಕುಂಟುತ್ತದೆ, ಸಂಗೀತ ಮುಂದೆ ಓಡುತ್ತದೆ, ಬೈಗುಳ ಮಾಡಿದವರಿಗೆ ಬೀಳುತ್ತದೆ.

ಮೊದಲು ಕಣ್ಣು ಮುಚ್ಚಿ

ಇದು ಈ ಲೇಖನದ ಮುಖ್ಯ ಮಾತು. ಚಿತ್ರ ನೋಡುವ ಮೊದಲು ಸಂಗೀತವನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಒಮ್ಮೆ ಕೇಳಿ. ತೊಡೆಯ ಮೇಲೆ ತಾಳ ಹಾಕಿ. ಆದಿತಾಳವಾದರೆ ಒಂದು ಏಟು, ಮೂರು ಬೆರಳು, ಮತ್ತೆ ಏಟು ಬೀಸು, ಏಟು ಬೀಸು. ಒಟ್ಟು ಎಂಟು ಅಕ್ಷರ. ಈ ಎಂಟೂ ಸೇರಿ ಒಂದು ಆವರ್ತನ, ಅದರ ಮೊದಲ ಏಟೇ ಸಮ. ರೂಪಕಕ್ಕೆ, ಮಿಶ್ರ ಛಾಪುವಿಗೆ ಅದರದರ ಎಣಿಕೆ. ತಾಳ ಬಾರದವರು ಕಾಗದದ ಮೇಲೆ ಇಷ್ಟು ಬರೆದುಕೊಂಡರೂ ಸಾಕು: ಎಲ್ಲಿ ಸಂಗೀತ ನಿಂತಿತು, ಎಲ್ಲಿ ಮತ್ತೆ ಹೊರಟಿತು, ಎಲ್ಲಿ ಮೈ ಜುಂ ಎಂದಿತು. ಚಿತ್ರವನ್ನು ಮೊದಲು ನೋಡಿಬಿಟ್ಟರೆ ಕಣ್ಣು ಕಿವಿಗೆ ಸುಳ್ಳು ಹೇಳಲು ಶುರುಮಾಡುತ್ತದೆ. ಹನಿ ಬಿದ್ದ ಕಡೆಯೇ ಸಮ ಎಂದು ಕಿವಿಯೂ ನಂಬಿಬಿಡುತ್ತದೆ.

ಆಮೇಲೆ ಚಿತ್ರವನ್ನು ಸಂಗೀತದ ಜೊತೆ ಒಂದೇ ಸಲ, ನಿಲ್ಲಿಸದೆ, ಏನೂ ಬರೆಯದೆ ನೋಡಿ. ಮೊದಲ ನೋಟ ಒಂದೇ ಬಾರಿ ಸಿಗುವುದು. ಮುಗಿದ ತಕ್ಷಣ ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬರೆದುಕೊಳ್ಳಿ. ಮೂರನೆಯ ಸಲ ಧ್ವನಿ ಬಂದ್ ಮಾಡಿ ನೋಡಿ. ಸಂಗೀತದ ಆಸರೆ ಇಲ್ಲದೆಯೂ ಹನಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ತಿಳಿಯುತ್ತದೆಯೇ? ಎಷ್ಟೋ ಚಿತ್ರಗಳು ಇಲ್ಲಿಯೇ ಮುಗ್ಗರಿಸುತ್ತವೆ. ಪಿಟೀಲು ಅವುಗಳ ಬಡತನವನ್ನು ಅಷ್ಟು ಹೊತ್ತು ಮುಚ್ಚಿಟ್ಟಿರುತ್ತದೆ.

ಸಮ ಎಲ್ಲಿದೆ ಎಂದು ಹುಡುಕುವುದು

ನಮ್ಮ ಹುಡುಗಿಯ ಚಿತ್ರ ಮೊದಲ ಸಲ ನೋಡಿದಾಗ ನನಗೆ ಅನಿಸಿದ್ದು ಒಂದೇ: ಏನೋ ತಡ. ಯಾವುದು ತಡ ಎಂದು ಬೆರಳಿಡಲಾಗಲಿಲ್ಲ. ಹೀಗೆ ಅನಿಸಿದಾಗ "ಏನೋ ಸರಿಯಿಲ್ಲ" ಎಂದು ಕಳಿಸಿಬಿಡುವುದು ಸೋಮಾರಿತನ. ಕೂತು ಅಳೆಯಬೇಕು.

ಅವಳ ಲೆಕ್ಕ ಹೀಗಿತ್ತು. ಮೊದಲ 50 ಸೆಕೆಂಡು ತಾಳವಿಲ್ಲದ ಆಲಾಪನೆ. ಆಮೇಲೆ ನಿಮಿಷಕ್ಕೆ 72 ಅಕ್ಷರದ ಕಾಲದಲ್ಲಿ ಆದಿತಾಳ. 24 ಫ್ರೇಮ್‌ನಲ್ಲಿ ಅದು ಅಕ್ಷರಕ್ಕೆ ಸರಿಯಾಗಿ 20 ಫ್ರೇಮ್, ಆವರ್ತನಕ್ಕೆ 160. ಲೆಕ್ಕ ಅಚ್ಚುಕಟ್ಟಾಗಿದೆ. ಪಿಟೀಲು ಕೃತಿ ಎತ್ತಿಕೊಂಡ ಫ್ರೇಮನ್ನು ಸಮ ಎಂದು ಗುರುತು ಹಾಕಿ, ಅಲ್ಲಿಂದ ಪ್ರತಿ 160 ಫ್ರೇಮಿಗೊಂದು ಗುರುತು ನಕಲು ಮಾಡಿಕೊಂಡು ಹೋಗಿದ್ದಳು. ಎರಡು ತಪ್ಪು, ಎರಡೂ ಬಹಳ ಜನ ಮಾಡುವ ತಪ್ಪು.

ಮೊದಲನೆಯದು, ಹಾಡು ಶುರುವಾದಲ್ಲೇ ತಾಳ ಶುರುವಾಗುತ್ತದೆ ಎಂಬ ನಂಬಿಕೆ. ಈ ನುಡಿಸಾಣಿಕೆಯಲ್ಲಿ ಎತ್ತುಗಡೆ ಅನಾಗತ: ತಾಳದ ಏಟು ಮೊದಲು, ಅರ್ಧ ಅಕ್ಷರ ಬಿಟ್ಟು ಪಿಟೀಲು. ಅರ್ಧ ಅಕ್ಷರ ಎಂದರೆ 10 ಫ್ರೇಮ್. ಮೃದಂಗ ಮೊದಲ ಸಾಲಿಗೆ ಸೇರಿರಲಿಲ್ಲವಾದ್ದರಿಂದ ಸಮದ ಏಟು ಕಿವಿಗೆ ಬೀಳುವುದೇ ಇಲ್ಲ. ಅದು ಮೇಷ್ಟ್ರ ಮನಸ್ಸಿನಲ್ಲಿತ್ತು. ಅದನ್ನು ಹುಡುಕುವ ದಾರಿ ಹಿಂದಿನಿಂದ ಬರುವುದು. ಮೃದಂಗ ಸೇರಿದ ಮೇಲೆ ಸಮ ಸ್ಪಷ್ಟವಾಗುತ್ತದೆ, ಅಲ್ಲಿಂದ ಎಂಟೆಂಟು ಅಕ್ಷರ ಹಿಂದಕ್ಕೆ ಎಣಿಸಿ. ಮೃದಂಗದ ಏಟು ಧ್ವನಿಯ ಅಲೆಚಿತ್ರದಲ್ಲಿ ಮೊಳೆ ಹೊಡೆದ ಹಾಗೆ ಕಡಿದಾಗಿ ಎದ್ದಿರುತ್ತದೆ. ಪಿಟೀಲಿನದು ಗುಡ್ಡದ ಇಳಿಜಾರಿನ ಹಾಗೆ, ಎಲ್ಲಿ ಶುರು ಎಂದು ಹೇಳುವುದೇ ಕಷ್ಟ.

ಎರಡನೆಯದು, ಮನುಷ್ಯರು ನುಡಿಸಿದ ತಾಳ ಗಡಿಯಾರದ ಹಾಗೆ ನಡೆಯುತ್ತದೆ ಎಂಬ ನಂಬಿಕೆ. ಮೇಷ್ಟ್ರು 72ರಲ್ಲಿ ಹೊರಟವರು, ಮೃದಂಗ ಸೇರಿದ ಉತ್ಸಾಹಕ್ಕೆ ನಿಧಾನವಾಗಿ 76ಕ್ಕೆ ಏರಿದ್ದರು. 76 ಎಂದರೆ ಅಕ್ಷರಕ್ಕೆ ಹೆಚ್ಚುಕಡಿಮೆ 19 ಫ್ರೇಮ್. ಅಕ್ಷರಕ್ಕೆ ಒಂದೇ ಒಂದು ಫ್ರೇಮ್ ವ್ಯತ್ಯಾಸ, ಯಾರಿಗೂ ಗೊತ್ತಾಗದಷ್ಟು. ಆದರೆ ಆವರ್ತನಕ್ಕೆ 8 ಫ್ರೇಮ್. ಅದೇ ಕಾಲದಲ್ಲಿ ಹತ್ತು ಆವರ್ತನ ನಡೆದರೆ 80 ಫ್ರೇಮ್, ಮೂರು ಸೆಕೆಂಡಿಗೂ ಹೆಚ್ಚು. ಅವಳ ಗುರುತುಗಳು ಮೊದಲ ಸಮದಲ್ಲಿ 10 ಫ್ರೇಮ್ ತಡ, ಆರನೆಯ ಆವರ್ತನದ ಹೊತ್ತಿಗೆ ನಲವತ್ತರ ಹತ್ತಿರ ತಡ. ನನಗೆ "ಏನೋ ತಡ" ಎನಿಸಿದ್ದು ಇದು.

ಇದು ಮೇಷ್ಟ್ರ ತಪ್ಪಲ್ಲ. ಹಾಗೆ ಅವರಿಗೆ ಹೇಳಲೂ ಹೋಗಬೇಡಿ. ಕಛೇರಿಯಲ್ಲಿ ಕಾಲ ಕೊಂಚ ಏರುವುದು ಉಸಿರಾಟದಷ್ಟೇ ಸಹಜ. ಗುರುತು ಹಾಕುವ ಕ್ರಮ ಬದಲಾಗಬೇಕು ಅಷ್ಟೇ. ಬ್ಲೆಂಡರ್‌ನಲ್ಲಿ ಸಂಗೀತ ಓಡುತ್ತಿರುವಾಗ ಟೈಮ್‌ಲೈನಿನ ಮೇಲೆ ಮೌಸ್ ಇಟ್ಟು ಪ್ರತಿ ಸಮಕ್ಕೂ ಎಂ ಕೀ ಒತ್ತುತ್ತಾ ಹೋದರೆ ಒಂದೊಂದು ಮಾರ್ಕರ್ ಬೀಳುತ್ತದೆ. ಒತ್ತುವಾಗ ಸಮಕ್ಕಾಗಿ ಕಾಯಬೇಡಿ, ತಾಳ ಹಾಕುವ ಹಾಗೆ ಒತ್ತಿ. ಕಾದು ಒತ್ತಿದರೆ ಬೆರಳು ಐದಾರು ಫ್ರೇಮ್ ಹಿಂದೆ ಬೀಳುತ್ತದೆ. ಆಮೇಲೆ ಪ್ರತಿ ಗುರುತನ್ನೂ ಮೃದಂಗದ ಮೊಳೆಗೆ ಸರಿಹೊಂದಿಸಿ. ಮೂರು ನಿಮಿಷದ ಚಿತ್ರಕ್ಕೆ ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ ಉಳಿಸಲು ಹೋದವರು ತಿಂಗಳು ಕಳೆದುಕೊಂಡಿದ್ದಾರೆ.

ಇನ್ನು ಸಮಕ್ಕೆ ಸರಿಯಾಗಿ ಎಂದರೆ ಎಷ್ಟು ಸರಿಯಾಗಿ? ಚಿಕ್ಕಂದಿನಲ್ಲಿ ಕೆರೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೀವು ನೋಡಿರುತ್ತೀರಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದು ಫ್ರೇಮ್ ಅವಧಿಯಲ್ಲಿ 14 ಮೀಟರ್. ಹೀಗೆ ಕಂಡ ಮೇಲೆ ಕೇಳುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಕೇಳಿದ ಮೇಲೆ ಕಾಣುವುದು ಲೋಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಹನಿ ಬಂಡೆಗೆ ತಾಗುವುದು ಏಟಿಗಿಂತ ಒಂದೆರಡು ಫ್ರೇಮ್ ಮುಂಚೆ ಇದ್ದರೆ ಕಣ್ಣು ಒಪ್ಪುತ್ತದೆ, ಎಷ್ಟೋ ಸಲ ಹಾಗಿದ್ದರೇ ಚೆನ್ನ. ಎರಡು ಫ್ರೇಮ್ ತಡವಾದರೂ ಮನಸ್ಸಿಗೆ ಇರುಸುಮುರುಸು.

ತಾಳವಿಲ್ಲದ 50 ಸೆಕೆಂಡು

ಆಲಾಪನೆಯ ಭಾಗ ಬಂದಾಗ ಅಭಿಪ್ರಾಯ ಹೇಳುವವರು ಸುಮ್ಮನಾಗಿಬಿಡುತ್ತಾರೆ, ಏಕೆಂದರೆ ಹಿಡಿಯಲು ಏಟಿಲ್ಲ. ಆದರೆ ಚಿತ್ರದ ಯೋಗ್ಯತೆ ತಿಳಿಯುವುದು ಇಲ್ಲಿಯೇ. ಇಲ್ಲಿ ಹುಡುಕಬೇಕಾದ್ದು ಸ್ವರ ನಿಲ್ಲುವ ತಾಣಗಳನ್ನು. ಅಮೃತವರ್ಷಿಣಿಯಲ್ಲಿ ರಿಷಭವೂ ಇಲ್ಲ, ಧೈವತವೂ ಇಲ್ಲ. ಐದೇ ಸ್ವರ, ನಡುವೆ ದೊಡ್ಡ ದೊಡ್ಡ ಜಿಗಿತ. ಪಿಟೀಲು ಆ ಜಿಗಿತವನ್ನು ಜಾರುತ್ತಾ ದಾಟಿ ಪಂಚಮದಲ್ಲಿ ಬಂದು ನಿಂತಾಗ ಕ್ಯಾಮೆರಾ ಏನು ಮಾಡುತ್ತಿದೆ? ಮೋಡ ಒಂದೇ ವೇಗದಲ್ಲಿ ಸಾಗುತ್ತಲೇ ಇದೆಯೇ? ಯಂತ್ರದ ಹಾಗೆ ಒಂದೇ ವೇಗದಲ್ಲಿ ಹೊರಟು ಒಂದೇ ವೇಗದಲ್ಲಿ ನಿಲ್ಲುವ ಚಲನೆ, ಸ್ವರವನ್ನು ತೂಗಿ ಜಾರಿಸುವ ಗಮಕದ ಪಕ್ಕದಲ್ಲಿ, ಕಬ್ಬಿಣದ ಸರಳಿನಂತೆ ಕಾಣುತ್ತದೆ. ನಿಧಾನಕ್ಕೆ ಹೊರಟು, ನಡುವೆ ವೇಗ ಪಡೆದು, ತೇಲಿ ನಿಲ್ಲುವ ಬಾಗು ಬೇಕು.

ಈ ವಿಷಯದಲ್ಲಿ ನನಗಿಂತ ಒಳ್ಳೆಯ ಮಾತು ಹೇಳಿದವರು ಮೇಷ್ಟ್ರು. ಅವರಿಗೆ ಫ್ರೇಮ್ ಎಂದರೆ ಫೋಟೊಗೆ ಹಾಕುವ ಕಟ್ಟು. ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮುಂದೆ ಕೂತಳು. ಒಂದು ಸಲ ನೋಡಿ, ಕನ್ನಡಕ ತೆಗೆದು, "ನಾನಿನ್ನೂ ಪಂಚಮದಲ್ಲಿ ನಿಂತಿದ್ದೇನೆ, ನಿನ್ನ ಮೋಡ ಹೊರಟೇ ಹೋಯಿತಲ್ಲಮ್ಮ" ಎಂದರಂತೆ. ನಾನು ಎರಡು ಪುಟ ಬರೆದರೂ ಹೇಳಲಾಗದ್ದು. ಅವಳು ಆ ದೃಶ್ಯವನ್ನು 30 ಫ್ರೇಮ್ ಉದ್ದ ಮಾಡಿದಳು, ಸರಿಹೋಯಿತು.

ಎಲ್ಲಾ ಏಟಿಗೂ ಕುಣಿಯುವ ಚಿತ್ರ

ತಾಳ ಸರಿಹೋದ ಮೇಲೆ ಹುಟ್ಟುವ ರೋಗ ಇದು. ಗುರುತು ಸರಿಯಾಗಿ ಬಿದ್ದಿದೆ ಎಂಬ ಖುಷಿಗೆ ಪ್ರತಿ ಏಟಿಗೂ ಏನಾದರೊಂದು ಅಲ್ಲಾಡಿಸುತ್ತಾರೆ: ಎಲೆ, ಹನಿ, ಹಲ್ಲಿ, ದೀಪ. ಅನಿಮೇಷನ್ ಲೋಕದಲ್ಲಿ ಇದಕ್ಕೆ ಮಿಕ್ಕಿ ಮೌಸಿಂಗ್ ಎಂದೇ ಹೆಸರು. ನಗೆಚಿತ್ರಕ್ಕೆ ಅದು ಒಪ್ಪುತ್ತದೆ, ರಾಗಕ್ಕೆ ಒಪ್ಪುವುದಿಲ್ಲ. ಬಯಲಾಟದಲ್ಲಿ ವೇಷಧಾರಿ ಮದ್ದಳೆಯ ಪ್ರತಿ ಪೆಟ್ಟಿಗೂ ಹೆಜ್ಜೆ ಹಾಕುವುದಿಲ್ಲ. ಕೆಲವು ಪೆಟ್ಟುಗಳನ್ನು ಭುಜಕ್ಕೆ, ಕೆಲವನ್ನು ಕಣ್ಣಿಗೆ ಕೊಟ್ಟು, ಕೆಲವನ್ನು ಸುಮ್ಮನೆ ಹಾದುಹೋಗಲು ಬಿಡುತ್ತಾನೆ.

ಇವಳ ಚಿತ್ರದಲ್ಲಿ ಹಿನ್ನೆಲೆಗೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿವೆ. ರೆಕ್ಕೆ ಆವರ್ತನಕ್ಕೆ ಸರಿಯಾಗಿ ಒಂದು ಸುತ್ತು ಸುತ್ತುವಂತೆ ಹೊಂದಿಸಿದ್ದಳು. ಹೆಮ್ಮೆಯಿಂದ ತೋರಿಸಿದಳು ಕೂಡ. ಅದನ್ನು ಬಿಡಿಸಲು ನನಗೆ ಬಹಳ ಹೊತ್ತು ಹಿಡಿಯಿತು. ನನ್ನ ವಾದ ಇಷ್ಟೇ: ಗಾಳಿಯಂತ್ರ ಆ ಚಿತ್ರದ ತಂಬೂರಿ. ತಂಬೂರಿಯ ಮೀಟು ತಾಳಕ್ಕೆ ಕಟ್ಟುಬಿದ್ದಿರುವುದಿಲ್ಲ, ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಅದಕ್ಕೇ ಅದರ ಮೇಲೆ ತಾಳ ಎದ್ದು ಕಾಣುತ್ತದೆ. ಒಪ್ಪಿದಳೋ ಬೇಸತ್ತಳೋ, ಬದಲಾಯಿಸಿದಳು.

ಮುಕ್ತಾಯದ ಬಗ್ಗೆಯೂ ಒಂದು ಮಾತು. ಒಂದೇ ಜತಿ (ಮೃದಂಗದ ಸೊಲ್ಲುಗಳ ಗುಂಪು) ಮೂರು ಸಲ ಬಂದು ಸಮಕ್ಕೆ ಬೀಳುವುದು, ಹಿಂದೂಸ್ತಾನಿಯವರು ತಿಹಾಯಿ ಎನ್ನುವುದು. ಮೊದಲ ಸಲಕ್ಕೇ ಹನಿಯನ್ನು ಬೀಳಿಸಿಬಿಟ್ಟರೆ ಉಳಿದ ಎರಡಕ್ಕೆ ಚಿತ್ರದ ಕೈ ಖಾಲಿ. ಒಂದನೆಯದಕ್ಕೆ ಹನಿ ಅಂಚಿಗೆ ಬರಲಿ, ಎರಡನೆಯದಕ್ಕೆ ತೂಗಲಿ, ಮೂರನೆಯದಕ್ಕೆ ಬೀಳಲಿ.

ಟಿಪ್ಪಣಿ ಬರೆಯುವುದು

ಫೋನಿನಲ್ಲಿ ಹೇಳಬೇಡಿ, ಬರೆಯಿರಿ. ಒಂದು ಟಿಪ್ಪಣಿಗೆ ಮೂರು ಅಂಗ: ಫ್ರೇಮ್ ಸಂಖ್ಯೆ, ಅಲ್ಲಿ ನಿಮಗೆ ಕಂಡದ್ದು, ಅದರಿಂದ ನಿಮಗೆ ಆದದ್ದು. "1,840ರಿಂದ 1,900: ಹನಿ ಕಲ್ಲಿನ ಕಾಲುವೆಯಲ್ಲಿ ಎಡಕ್ಕೆ ತಿರುಗುತ್ತದೆ, ಮುಂದಿನ ದೃಶ್ಯದಲ್ಲಿ ಬಲದಿಂದ ಬರುತ್ತದೆ, ಇದು ಬೇರೆ ಹನಿ ಎಂದುಕೊಂಡೆ." ಇಷ್ಟಕ್ಕೆ ನಿಲ್ಲಿಸಿ. ಪರಿಹಾರ ನೀವು ಬರೆಯಬೇಡಿ, ಕೇಳಿದರೆ ಹೇಳಿ. ಚಿತ್ರ ಅವರದು. ನಿಮ್ಮ ತಲೆಯಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರವೊಂದು ಓಡುತ್ತಿದ್ದರೆ ಅದನ್ನು ನೀವೇ ಮಾಡಿಕೊಳ್ಳಬಹುದು, ಬ್ಲೆಂಡರ್ ಪುಕ್ಕಟೆ.

ಒಂದು ಸಲಕ್ಕೆ ಐದು ಟಿಪ್ಪಣಿ ಮೀರಬಾರದು ಎಂಬುದು ನನ್ನ ನಿಯಮ. ನಲವತ್ತು ಬರೆದರೆ ಅವರು ಸುಲಭವಾದ ಮೂವತ್ತೈದನ್ನು ಸರಿಪಡಿಸಿ, ಕಷ್ಟದ ಐದನ್ನು ಬಿಟ್ಟು, ತೃಪ್ತಿಯಿಂದ ಮಲಗುತ್ತಾರೆ. ಐದರಲ್ಲಿ ಒಂದು, ಚೆನ್ನಾಗಿರುವುದರ ಬಗ್ಗೆ ಇರಲಿ. ಬೆನ್ನು ತಟ್ಟಲು ಅಲ್ಲ, ಅದನ್ನು ತಿದ್ದುವ ಭರದಲ್ಲಿ ಕೆಡಿಸದಿರಲಿ ಎಂದು. "2,210: ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುವ ಮುನ್ನ ಅರ್ಧ ಅಕ್ಷರ ನಿಲ್ಲುತ್ತದೆಯಲ್ಲ, ಅದನ್ನು ಮುಟ್ಟಬೇಡ" ಎಂದು ಬರೆದಿದ್ದೆ. ಅವಳು ಅದನ್ನೇ ತೆಗೆಯುವ ಯೋಚನೆಯಲ್ಲಿದ್ದಳಂತೆ.

ಸಂಗೀತವೂ ಅನಿಮೇಷನ್ನೂ ಎರಡೂ ತಿಳಿಯದವರ ಕಣ್ಣು ಬಹಳ ಬೆಲೆಯುಳ್ಳದ್ದು, ಆದರೆ ಅವರಿಗೆ "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ ಮಗಳೇ" ಎಂಬುದಷ್ಟೇ ಸಿಗುತ್ತದೆ. ನಾನು ನನ್ನ ತಾಯಿಗೆ ತೋರಿಸಿ, "ಅಮ್ಮ, ಏನು ನಡೆಯಿತು ಹೇಳು" ಎಂದೆ. "ಮಳೆ ಬಂತು, ಹೊಂಡ ತುಂಬಿತು, ಆಮೇಲೆ ಇನ್ನೊಂದು ಹೊಂಡ. ಅದ್ಯಾವುದು, ಅದೇ ಹೊಂಡವೋ?" ಎಂದರು. ಅಲ್ಲಿಗೆ ಗೊತ್ತಾಯಿತು, ನಾಲ್ಕು ಹೊಂಡಗಳೂ ಒಂದೇ ಹಾಗೆ ಕಾಣುತ್ತಿವೆ. ಕೋಟೆಯನ್ನು ನೂರು ಸಲ ಹತ್ತಿದ ನನಗಾಗಲಿ ಅವಳಿಗಾಗಲಿ ಅದು ಹೊಳೆದಿರಲಿಲ್ಲ.

ಮಾಡುವವರಿಗೆ ಎರಡು ಸಾಲು: ಟಿಪ್ಪಣಿ ಬಂದ ದಿನ ಉತ್ತರ ಬರೆಯಬೇಡಿ, ಮರುದಿನ ಬರೆಯಿರಿ. ಫೈಲಿನ ಹೆಸರಿಗೆ "ಫೈನಲ್", "ನಿಜವಾದ ಫೈನಲ್" ಎಂದು ಇಡುವ ಬದಲು ಆವೃತ್ತಿಯ ಸಂಖ್ಯೆ ಹಾಕಿ. ನಾನು ಯಾವುದನ್ನು ನೋಡಿ ಬೈದೆ ಎಂದು ಆಮೇಲೆ ಇಬ್ಬರಿಗೂ ತಿಳಿಯಬೇಕು.

ಕಳೆದ ವಾರ ಆರನೆಯ ಆವೃತ್ತಿ ಬಂತು. ತಂತಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಒಮ್ಮೆ ಕೇಳಿ, ಆಮೇಲೆ ನೋಡಿದೆ. ಮೋಡ ಪಂಚಮಕ್ಕಾಗಿ ಕಾಯುತ್ತದೆ. ಗಾಳಿಯಂತ್ರ ತನ್ನ ಪಾಡಿಗೆ ತಿರುಗುತ್ತದೆ. ಕುಕ್ಕರಿನ ಕೂಗು ಹೋಗಿಲ್ಲ, ಆದರೆ ಈಗ ಅಲ್ಲೊಂದು ಹಕ್ಕಿ ಹಾರುವುದರಿಂದ ಹಕ್ಕಿಯದೇ ಕೂಗು ಎನಿಸುತ್ತದೆ. ಮುಕ್ತಾಯದ ಮೂರನೆಯ ಸಲಕ್ಕೆ, ಸಮಕ್ಕಿಂತ ಒಂದು ಫ್ರೇಮ್ ಮುಂಚೆ, ಹನಿ ಸಂತೆ ಹೊಂಡಕ್ಕೆ ಬಿತ್ತು. ನಾನು ಒಂದೇ ಟಿಪ್ಪಣಿ ಕಳಿಸಿದೆ: "4,640: ಹನಿ ಬಿದ್ದರೂ ನೀರಿನಲ್ಲಿ ಅಲೆ ಏಳುವುದಿಲ್ಲ, ಗಾಜಿನ ಮೇಲೆ ಬಿದ್ದ ಹಾಗಿದೆ."

ಮರುದಿನ ಉತ್ತರ ಬಂತು: "ನೀರಿನ ಸಿಮ್ಯುಲೇಶನ್ ಇನ್ನೂ ಹಾಕಿಲ್ಲ ಎಂದು ಮೊದಲೇ ಬರೆದಿದ್ದೆನಲ್ಲ ಮಾವ. ಕಿರೀಟ ಕೇಳುತ್ತಿದ್ದೀರಿ."